ದಿನಕ್ಕೊಂದು ಅಪರೂಪದ ಇಂಗ್ಲಿಷ್ ಪದ ಸಾಕು

ದಿನಕ್ಕೆ ಐವತ್ತು ಪದ ಉರು ಹೊಡೆಸುವ ಪಟ್ಟಿಗಳನ್ನ ಮೊದಲು ಪಕ್ಕಕ್ಕಿಡಿ. ನಾನೂ ಸುಮ್ನೆ ಹಾಗೆ ಬಾಯಿಪಾಠ ಮಾಡಿ ವಾರದೊಳಗೆ ಮರೆತಿದ್ದೆ. ಒಂದೇ ಪದ ತಗೊಳ್ಳಿ, ಅದನ್ನ ನಿಮಗೆ ಗೊತ್ತಿರುವ ಯಾವುದಕ್ಕಾದರೂ ಗಂಟು ಹಾಕಿ.

ಪೆಟ್ರಿಕೋರ್ ನೋಡಿ. ಧಾರವಾಡದಲ್ಲಿ ಬಿರುಬಿಸಿಲು ಮುಗಿದು ಮೊದಲ ಮಳೆ ಬಿದ್ದಾಗ ಕಾದ ಮಣ್ಣಿನಿಂದ ಒಂದು ವಾಸನೆ ಏಳುತ್ತದಲ್ಲ, ಅದರ ಹೆಸರು ಇದು. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಕಟ್ಟಿದ ಪದ. ಗ್ರೀಕಿನಲ್ಲಿ ಪೆಟ್ರಾ ಅಂದ್ರೆ ಬಂಡೆ, ಐಕೋರ್ ಅಂದ್ರೆ ದೇವತೆಗಳ ಮೈಯಲ್ಲಿ ಹರಿಯುವ ರಕ್ತ. ಪೆಟ್ರಾ ಕೈಗೆ ಸಿಕ್ಕಿತಲ್ವಾ, ಈಗ ಪೆಟ್ರೋಲಿಯಂ ಬಿಡಿಸಿ: ಕಲ್ಲೆಣ್ಣೆ! ಹೆದರಿ ಕಲ್ಲಾದೆ ಅಂತೀವಲ್ಲ, ಅದೇ ಪೆಟ್ರಿಫೈಡ್. ಒಂದು ಬೇರು ಹಿಡಿದರೆ ಮೂರು ಪದ ಬಂತು.

ಆಮೇಲೆ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುತ್ತಾ ಆ ಪದ ಹಾಕಿ ನಿಮ್ಮದೇ ಒಂದು ಸಾಲು ಮೊಬೈಲಿನಲ್ಲಿ ಬರೆಯಿರಿ. ಉಚ್ಚಾರ ಆನ್‌ಲೈನ್ ಡಿಕ್ಷನರಿಯಲ್ಲಿ ಕೇಳಿ.

ಆದರೆ ಎಲ್ಲೆಂದರಲ್ಲಿ ತುರುಕಬೇಡಿ. ಡಿಫೆನೆಸ್ಟ್ರೇಟ್ ಅಂದ್ರೆ ಕಿಟಕಿಯಿಂದ ಆಚೆ ಎಸೆಯುವುದು. ನಾನದನ್ನ ಒಂದು ಇಂಟರ್‌ವ್ಯೂನಲ್ಲಿ ಜಾಸ್ತಿ ಜಾಣನ ಹಾಗೆ ಬಳಸಿದೆ. ಎದುರಿದ್ದವರು ಒಮ್ಮೆ ನನ್ನನ್ನ, ಒಮ್ಮೆ ಕಿಟಕಿಯನ್ನ ನೋಡಿದರು.