ಪ, ವ, ಮ ಬೇರೆ ಮಾಡಿದ ಕಳ್ಳನ ಆಟ

ಪ ತೋರಿಸಿದರೆ ವ ಅನ್ನುವುದು, ವ ತೋರಿಸಿದರೆ ಮ ಅನ್ನುವುದು. ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಚಟುವಟಿಕೆಯಿಂದ ಕಲಿಸುವ ನಲಿಕಲಿ ಕೊಠಡಿಯಲ್ಲಿ ಒಂದು ವರ್ಷ ಕೂತ ಯಾರಿಗೆ ಈ ಕಷ್ಟ ಗೊತ್ತಿಲ್ಲ ಹೇಳಿ? ಅಲ್ಲಿ ಅಕ್ಷರಗಳನ್ನು ಗುಂಪು ಗುಂಪಾಗಿ ಕಲಿಸುತ್ತೇವೆ. ಮೊದಲನೆಯ ರ ಗ ಸ ದ ಅ ಗುಂಪು ಹೇಗೋ ದಾಟುತ್ತದೆ. ಸರ, ದಸರ, ಗರಗಸ ಅಂತ ಮಕ್ಕಳು ಖುಷಿಯಾಗಿ ಓದುತ್ತಾರೆ. ಎರಡನೇ ಗುಂಪಿನಲ್ಲಿ ವ, ಮ ಬರುತ್ತವೆ. ಅದರ ಹಿಂದೆಯೇ ಪ. ಅಲ್ಲಿಗೆ ಅರ್ಧ ತರಗತಿ ಕಲಿಕೆಯ ಏಣಿಯಲ್ಲಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಪಾಠದ ಪಟ್ಟಿಯಲ್ಲಿ, ನಿಂತುಬಿಡುತ್ತದೆ.

ನಾನಿರುವುದು ಸಕಲೇಶಪುರ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಕಾಫಿ ತೋಟದ ಲೈನ್ ಮನೆಗಳಿಂದ ಬರುತ್ತಾರೆ. ಒಂದು ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ತಮಿಳು. ಈಚೆಗೆ ಅಸ್ಸಾಮಿನಿಂದ ಬಂದ ಕುಟುಂಬಗಳೂ ಇವೆ. ಈ ಮಕ್ಕಳಿಗೆ ಅ ಅಗಸ ಅಂದರೆ ಏನೂ ತಿಳಿಯುವುದಿಲ್ಲ, ಅಗಸನನ್ನು ಅವರು ನೋಡೇ ಇಲ್ಲ. ಆ ಆನೆ ಮಾತ್ರ ಹೇಳಿಕೊಡಬೇಕಾಗಿಲ್ಲ. ರಾತ್ರಿ ತೋಟಕ್ಕೆ ಎಷ್ಟು ಆನೆ ಬಂದಿದ್ದವು ಅಂತ ಅವರೇ ನಮಗೆ ಹೇಳುತ್ತಾರೆ!

ಆಟದಿಂದ ಅಕ್ಷರ ಕಲಿಸುತ್ತೇನೆ ಅಂತ ಹೊರಟು ನಾನು ಎರಡು ವರ್ಷ ಸೋತೆ.

ಮೊದಲ ವರ್ಷ ಹಾಸನಕ್ಕೆ ಹೋಗಿ ಬಣ್ಣದ ಫೋಮ್ ಅಕ್ಷರ ತಂದೆ. ಕೈಯಿಂದ ಸುಮಾರು 2,800 ರೂಪಾಯಿ ಹೋಯಿತು. ಮಕ್ಕಳು ಬೇಗ ಕಲಿತರು. ಗ ಕೊಡು ಅಂದರೆ ಗ ಕೊಡುತ್ತಿದ್ದರು. ಒಂದು ದಿನ ಕಪ್ಪುಹಲಗೆಯಲ್ಲಿ ಗ ಬರೆದು ಕೇಳಿದರೆ ಎಲ್ಲರೂ ಸುಮ್ಮನೆ ನನ್ನ ಮುಖ ನೋಡಿದರು. ಅವರು ಕಲಿತಿದ್ದು ಹಸಿರು ಬಣ್ಣ, ಗ ಅಲ್ಲ. ಆಮೇಲೆ ಅಕ್ಷರದ ಕಾರ್ಡುಗಳಿಗೆ ಲ್ಯಾಮಿನೇಷನ್ ಮಾಡಿಸಿದೆ, ಅದಕ್ಕೆ ಇನ್ನೊಂದು ಸಾವಿರದಷ್ಟು ಆಯಿತು. ಆ ಸಲ ಎಲ್ಲ ಕಾರ್ಡೂ ಒಂದೇ ಬಣ್ಣ. ಆದರೂ ಒಬ್ಬ ಹುಡುಗ ದ ಕಾರ್ಡನ್ನು ದೂರದಿಂದಲೇ ಹೇಳುತ್ತಿದ್ದ. ಬಿಸಿಯೂಟದ ಸಾರು ಬಿದ್ದು ಅದರ ಮೂಲೆಯಲ್ಲಿ ಅರಿಶಿನದ ಕಲೆ ಕೂತಿತ್ತು, ಅದೇ ಅವನ ಗುರುತು.

ಕುಂಟೆಬಿಲ್ಲೆಯೂ ಹೀಗೇ ಆಯಿತು. ನೆಲದ ಮೇಲೆ ಗೀಚಿದ ಮನೆಗಳೊಳಗೆ ಅಕ್ಷರ ಬರೆದು ಕುಂಟಿಸಿದೆ. ಮಕ್ಕಳಿಗೆ ಸಂತೋಷವೋ ಸಂತೋಷ. ವಾರದ ನಂತರ ಅಕ್ಷರಗಳ ಜಾಗ ಬದಲಿಸಿದೆ. ಮೂರನೇ ಮನೆಗೆ ಕುಂಟಿ ನಿಂತವಳು ಹಳೆಯ ಅಕ್ಷರವನ್ನೇ ಕೂಗಿದಳು. ಅವಳ ಕಾಲಿಗೆ ಜಾಗ ನೆನಪಿತ್ತು, ಕಣ್ಣು ಅಕ್ಷರ ನೋಡಿರಲೇ ಇಲ್ಲ. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಕ್ಷರ ನೋಡದೇ ಗೆಲ್ಲುವ ದಾರಿ ಇರುವ ತನಕ ಮಕ್ಕಳು ಆ ದಾರಿಯಲ್ಲೇ ಹೋಗುತ್ತಾರೆ ಅಂತ ಹೊಳೆದದ್ದು ಆಗ.

ಆ ಸುಮಾರಿಗೆ ಕ್ಲಸ್ಟರ್ ಸಭೆಯಲ್ಲಿ, ಅಂದರೆ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಸಭೆಯಲ್ಲಿ, ನನ್ನ ಆಟಗಳ ಮಾತು ಬಂತು. ಹಿರಿಯ ಸಹೋದ್ಯೋಗಿಯೊಬ್ಬರು ಎಲ್ಲರ ಎದುರು, "ಆಟ ಆಡಿಸ್ತಾ ಕೂತರೆ ಓದಿಸೋದು ಯಾವಾಗ? ಸ್ಲೇಟು ತುಂಬಾ ತಿದ್ದಿಸಿ, ತಾನೇ ಬರುತ್ತೆ" ಅಂದರು. ಪೋಷಕರದ್ದೂ ಅದೇ ದೂರು. ಪುಸ್ತಕದಲ್ಲಿ ಬರಹ ಕಾಣದಿದ್ದರೆ ಪಾಠವೇ ಆಗಿಲ್ಲ ಅನ್ನುವುದು ಅವರ ಲೆಕ್ಕ. ನಾನು ಉತ್ತರ ಕೊಡಲಿಲ್ಲ, ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಮೂರನೇ ವರ್ಷ ನೀರಿನ ಬಾಟಲಿ ಮುಚ್ಚಳ ಹಿಡಿದೆ. ಹೆದ್ದಾರಿ ಪಕ್ಕದ ಹೋಟೆಲಿನವರಿಗೆ ಹೇಳಿಟ್ಟಿದ್ದೆ, ತಿಂಗಳಲ್ಲಿ ಒಂದು ಚೀಲ ಕೊಟ್ಟರು. ಅದರಲ್ಲಿ ಬಿಳಿಯವನ್ನು ಮಾತ್ರ ಆರಿಸಿದೆ, ಸುಮಾರು 150 ಸಿಕ್ಕವು. ನೀಲಿ ಒಂದೂ ಬೇಡ, ಗೀರು ಬಿದ್ದದ್ದೂ ಬೇಡ. ಕಪ್ಪು ಮಾರ್ಕರಿನಲ್ಲಿ ಅಕ್ಷರ ಬರೆದೆ. ನಾಲ್ಕೇ ದಿನಕ್ಕೆ ಬೆವರು ಕೈಗೆ ಅಳಿಸಿಹೋಯಿತು. ಮತ್ತೆ ಬರೆದು ಮೇಲೆ ಬಣ್ಣವಿಲ್ಲದ ನೈಲ್ ಪಾಲಿಶ್ ಹಚ್ಚಿದೆ. ಒಂದು ಮಾತು, ಶಾಯಿ ಒಂದು ರಾತ್ರಿ ಪೂರ್ತಿ ಒಣಗಬೇಕು, ಇಲ್ಲದಿದ್ದರೆ ಕದಡುತ್ತದೆ. ಮಾರ್ಕರು, ಪಾಲಿಶು, ಹಾಕಿಡಲು ಡಬ್ಬ ಎಲ್ಲ ಸೇರಿ 340 ರೂಪಾಯಿ ಆಗಿರಬಹುದು.

ಮುಚ್ಚಳ ಗುಂಡಗಿರುವುದರಿಂದ ಅಕ್ಷರ ತಲೆಕೆಳಗಾಗಿ ಬೀಳುತ್ತಿತ್ತು. ಮೊದಲು ತೊಂದರೆ ಅಂದುಕೊಂಡೆ. ಆದರೆ ಮಕ್ಕಳೇ ತಲಕಟ್ಟು ಹುಡುಕಿ ಅದನ್ನು ಮೇಲಕ್ಕೆ ತಿರುಗಿಸಲು ಶುರು ಮಾಡಿದರು. ಅದಕ್ಕಿಂತ ಒಳ್ಳೆ ಪಾಠ ಬೇಕೇ? ಅ, ಜ, ಬ, ಲ ಇವಕ್ಕೆ ಅಂಥ ತಲಕಟ್ಟು ಇಲ್ಲ. ಇವುಗಳ ಕೆಳಗೆ ಮಾತ್ರ ಒಂದು ಚುಕ್ಕೆ ಇಟ್ಟೆ.

ಆಟ ಇಷ್ಟೇ. ಆರು ಮಕ್ಕಳು ಸುತ್ತ ಕೂರುತ್ತಾರೆ. ನಡುವೆ 12 ಮುಚ್ಚಳ. 11ರಲ್ಲಿ ವ, ಒಂದರಲ್ಲಿ ಪ. ಆ ಒಂದು ಕಳ್ಳ. ಬಾಯಿ ಬಿಡುವಂತಿಲ್ಲ, ಬೆರಳು ತೋರಿಸುವಂತಿಲ್ಲ. ಕಂಡವರು ಕೈಯನ್ನು ತಲೆ ಮೇಲೆ ಇಟ್ಟುಕೊಳ್ಳಬೇಕು. ಈ ನಿಯಮ ಇಲ್ಲದಿದ್ದಾಗ ಒಬ್ಬ ಚುರುಕಿನವನು ಕೂಗಿಬಿಡುತ್ತಿದ್ದ, ಉಳಿದ ಐವರು ಅವನ ಹಿಂದೆ ಹೋಗುತ್ತಿದ್ದರು. ಆರೂ ಕೈ ತಲೆ ಮೇಲೆ ಬಂದಮೇಲೆ ನಾನು ಒಬ್ಬರನ್ನು ಕರೆಯುತ್ತೇನೆ. ಅವರು ಕಳ್ಳನನ್ನು ಎತ್ತಬೇಕು, ಹೆಸರು ಹೇಳಬೇಕು, ಹೇಗೆ ಸಿಕ್ಕ ಅಂತಲೂ ಹೇಳಬೇಕು.

ಈ ಕೊನೆಯದೇ ಎಲ್ಲವನ್ನೂ ಬದಲಿಸಿತು. ತುಳು ಮನೆಯ ಒಬ್ಬ ಹುಡುಗಿ ಪ ಎತ್ತಿ, "ಇದರ ತಲೆ ಅಂಟಿಲ್ಲ ಮಿಸ್" ಅಂದಳು. ಇಷ್ಟು ವರ್ಷ ಪಾಠ ಮಾಡಿದ ನಾನೇ ಹಾಗೆ ನೋಡಿರಲಿಲ್ಲ. ವದಲ್ಲಿ ತಲಕಟ್ಟು ಕೂಡಿಕೊಂಡಿರುತ್ತದೆ, ಪದಲ್ಲಿ ಬಿಟ್ಟುಕೊಂಡಿರುತ್ತದೆ. ಅಸ್ಸಾಮಿನ ಹುಡುಗ ಇನ್ನೂ ಕನ್ನಡ ತಡವರಿಸುತ್ತಿದ್ದ. ಅವನು ಮ ಹಿಡಿದು, "ವ, ಬಾಲ ಬಂತು" ಅಂದ. ಈಗ ನಮ್ಮ ಇಡೀ ಕೊಠಡಿಯಲ್ಲಿ ಮ ಅಂದರೆ ಬಾಲ ಬಂದ ವ.

ಎರಡನೇ ಹಂತದಲ್ಲಿ ಇಬ್ಬರು ಕಳ್ಳರು. ಮೂರನೆಯದರಲ್ಲಿ ಕಳ್ಳ ಪದದೊಳಗೆ ಸೇರುತ್ತಾನೆ: ಮರ, ಮರ, ಮರ, ವರ. ಅದಾದಮೇಲೆ ಹಳೆ ಪೇಪರಿನ ಒಂದು ತುಂಡು ಕೊಟ್ಟು, ಸ್ಕೆಚ್ ಪೆನ್ನಿನಲ್ಲಿ ಪಗಳಿಗೆಲ್ಲ ಸುತ್ತು ಹಾಕಿಸುತ್ತೇನೆ. ಯಾವ ಅಕ್ಷರಕ್ಕೆ ಯಾವುದನ್ನು ಕಳ್ಳ ಮಾಡಬೇಕು, ಯಾವ ಜೋಡಿಯನ್ನು ಒಂದೇ ವಾರದಲ್ಲಿ ತರಲೇಬಾರದು ಅನ್ನುವ ಪಟ್ಟಿ ನನ್ನ ನೋಟ್‌ಬುಕ್ಕಿನಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮೂರು ವರ್ಷದ ದುಡಿಮೆ ಅದು. ಶಾಲೆಗೆ ಬಂದು ಒಂದು ದಿನ ಮಕ್ಕಳ ಜೊತೆ ಕೂತವರಿಗೆ ತೋರಿಸುತ್ತೇನೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಹಾಸನ ಅಂದಮೇಲೆ ಆಲೂಗಡ್ಡೆ ಇರಲೇಬೇಕಲ್ಲ, ಅದರಲ್ಲಿ ಅಚ್ಚು ಕೊರೆದೆ. ಒತ್ತಿದರೆ ಅಕ್ಷರ ಉಲ್ಟಾ ಬಂತು. ಉಲ್ಟಾ ಕೊರೆದು ಸರಿ ಮಾಡಬಹುದು, ಆದರೆ ಎರಡು ದಿನಕ್ಕೆ ಅಚ್ಚು ಸುಕ್ಕಾಗುತ್ತದೆ. ರವೆ ತಟ್ಟೆಯಲ್ಲಿ ಬೆರಳಿಂದ ಬರೆಸಿದೆ, ಮಳೆಗಾಲದ ತೇವಕ್ಕೆ ಗಂಟು ಕಟ್ಟಿತು, ಇರುವೆಯೂ ಬಂತು. ಅಕ್ಷರದ ಮೇಲೆ ಕಾಫಿ ಬೀಜ ಜೋಡಿಸುವ ಆಟ ಮಕ್ಕಳಿಗೆ ತುಂಬಾ ಇಷ್ಟವಾಗಿತ್ತು. ಒಂದು ದಿನ ಒಬ್ಬ ಹುಡುಗ ಬೀಜವನ್ನು ಮೂಗಿಗೆ ಹಾಕಿಕೊಂಡ. ಅವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ. ಬೀಜ ಬಂತು, ಹುಡುಗ ನಗುತ್ತಾ ವಾಪಸ್ ಬಂದ, ನನ್ನ ಕೈ ಮಾತ್ರ ಸಂಜೆಯವರೆಗೂ ನಡುಗುತ್ತಿತ್ತು. ಮುಚ್ಚಳಕ್ಕಿಂತ ಚಿಕ್ಕ ವಸ್ತು ಯಾವುದೂ ಒಂದನೇ ತರಗತಿಗೆ ಬೇಡ.

ಕೆರೆ-ದಡ ಮಾತ್ರ ಚೆನ್ನಾಗಿ ಒದಗಿತು. ಬರಿ ಕೂಗುವ ಬದಲು ಅಕ್ಷರದ ಹಲಗೆ ಎತ್ತುತ್ತೇನೆ. ಪ ಕಂಡರೆ ಕೆರೆ, ವ ಕಂಡರೆ ದಡ. ಜುಲೈ ಮಳೆಯಲ್ಲಿ ವರಾಂಡದಲ್ಲೇ ಆಡಿಸಬಹುದು.

ಲೆಕ್ಕ ಹೇಳುತ್ತೇನೆ. ಮೊದಲೆಲ್ಲ ದಸರಾ ರಜೆ ಹೊತ್ತಿಗೆ 17 ಮಕ್ಕಳಲ್ಲಿ ಐದಾರು ಮಂದಿ ಎರಡು ಗುಂಪಿನ ಅಕ್ಷರ ತಪ್ಪಿಲ್ಲದೆ ಗುರುತಿಸುತ್ತಿದ್ದರು. ಮುಚ್ಚಳ ಹಿಡಿದ ವರ್ಷ 14 ಮಂದಿ. ಆದರೆ ನನ್ನ ನಿಜವಾದ ಪರೀಕ್ಷೆ ಕಾಫಿ ಕುಯ್ಲು. ಡಿಸೆಂಬರ್, ಜನವರಿಯಲ್ಲಿ ಅಪ್ಪ ಅಮ್ಮನ ಜೊತೆ ಬೇರೆ ತೋಟಕ್ಕೆ ಹೋದ ಮಕ್ಕಳು ಇಪ್ಪತ್ತು ದಿನ ಬಿಟ್ಟು ಬರುತ್ತಾರೆ. ಮುಂಚೆ ಅವರಿಗೆ ಮತ್ತೆ ರ ಇಂದ ಶುರು ಮಾಡಬೇಕಿತ್ತು. ಆ ಸಲ ಬಂದ ನಾಲ್ವರ ಮುಂದೆ ಮುಚ್ಚಳ ಸುರಿದೆ. ಒಂದೆರಡು ಬಿಟ್ಟರೆ ಎಲ್ಲವನ್ನೂ ಹೇಳಿದರು. ಒಬ್ಬಳು ತಾನಾಗೇ, "ಕಳ್ಳ ಎಲ್ಲಿ ಮಿಸ್?" ಅಂದಳು. ಹೆಮ್ಮೆಯಿಂದಲೇ ಹೇಳುತ್ತೇನೆ, ಸ್ಲೇಟು ತಿದ್ದಿಸಿ ಅಂದಿದ್ದ ಆ ಹಿರಿಯರು ಫೆಬ್ರವರಿಯಲ್ಲಿ ಬಂದು ಅರ್ಧ ದಿನ ಕೂತು ನೋಡಿದರು. ಹೋಗುವಾಗ ಎರಡು ಹಿಡಿ ಖಾಲಿ ಮುಚ್ಚಳ ಕೇಳಿ ತೆಗೆದುಕೊಂಡು ಹೋದರು.

ಈಗ ಕಾಗುಣಿತಕ್ಕೆ ಇದೇ ಆಟ ಹೊಂದಿಸುತ್ತಿದ್ದೇನೆ. ಗುಡಿಸು, ಏತ್ವ ಪರವಾಗಿಲ್ಲ, ಕಿ ನಡುವೆ ಕೆ ಕಳ್ಳನಾಗಿ ಬೇಗ ಸಿಗುತ್ತಾನೆ. ದೀರ್ಘ ಮಾತ್ರ ಸಿಗುತ್ತಿಲ್ಲ. ಸಿ, ಸೀ ಎರಡನ್ನೂ ಕಣ್ಣು ಹಿಡಿಯುತ್ತದೆ, ನಾಲಿಗೆ ಒಂದೇ ಥರ ಹೇಳುತ್ತದೆ. ಚಪ್ಪಾಳೆ ಹಾಕಿಸಿ ನೋಡಿದೆ, ಆಗಲಿಲ್ಲ. ಮುಂದಿನ ವಾರ ಹಗ್ಗ ಎಳೆಯುವುದನ್ನು ಸೇರಿಸಿ ನೋಡಬೇಕು. ಹೋಟೆಲಿನವರು ಇನ್ನೊಂದು ಚೀಲ ಮುಚ್ಚಳ ತೆಗೆದಿಟ್ಟಿದ್ದಾರಂತೆ, ಶನಿವಾರ ತರುತ್ತೇನೆ.