ದುನ್ಯಾ ಮಿಖಾಯಿಲ್ ಬಗ್ಗೆ ಕವಿ ಪರಿಚಯ ಬರೆಯುವುದು ಹೇಗೆ

ದುನ್ಯಾ ಮಿಖಾಯಿಲ್ ಇರಾಕ್ ಮೂಲದ ಅರಬ್ಬಿ ಕವಿ, ಪತ್ರಕರ್ತೆ. ಅವರ ಪರಿಚಯದಲ್ಲಿ ಮೊದಲು ಹೆಸರು. ‘ದುನ್ಯಾ’ ನಮ್ಮ ‘ದುನಿಯಾ’ ಪದವೇ, ಅರಬ್ಬಿಯಿಂದ ಬಂದದ್ದು. ‘ಡುನ್ಯಾ’, ‘ಮೈಕೆಲ್’ ಎಂದೆಲ್ಲ ಬರೆಯಬೇಡಿ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಬರೆದಾಗ ಆಗುವ ತಪ್ಪು ಅದು.

ನಂತರ ನಾಲ್ಕೈದು ಸಾಲಿನಲ್ಲಿ ಬದುಕು: ಜನನ 1965, ಬಾಗ್ದಾದ್. ಕ್ರೈಸ್ತ ಕುಟುಂಬ; ಅರಬ್ಬಿ ಕವಿ ಎಂದ ಕೂಡಲೇ ಮುಸ್ಲಿಂ ಎಂದು ಊಹಿಸಬಾರದು. ‘ಬಾಗ್ದಾದ್ ಅಬ್ಸರ್ವರ್’ ಪತ್ರಿಕೆಯಲ್ಲಿ ಕೆಲಸ. ಸದ್ದಾಂ ಹುಸೇನ್ ಆಳ್ವಿಕೆಯ ಒತ್ತಡದಲ್ಲಿ 1990ರ ದಶಕದ ಮಧ್ಯಭಾಗದಲ್ಲಿ ದೇಶ ಬಿಟ್ಟು, ಜೋರ್ಡಾನ್ ಮೂಲಕ ಅಮೆರಿಕದ ಮಿಷಿಗನ್ ಸೇರಿದರು.

ಹೆಚ್ಚು ಜಾಗ ಕೃತಿಗಳಿಗೆ ಕೊಡಿ. ಇಲ್ಲಿ ಇಸವಿಗಳು ಕೈಕೊಡುತ್ತವೆ: ಅರಬ್ಬಿ ಮೂಲ ಮೊದಲು, ಇಂಗ್ಲಿಷ್ ಅನುವಾದ ಆಮೇಲೆ. ‘ದ ವಾರ್ ವರ್ಕ್ಸ್ ಹಾರ್ಡ್’ ಕವನ ಸಂಕಲನಕ್ಕೆ 2005 ಎಂಬುದು ಎಲಿಜಬೆತ್ ವಿನ್ಸ್ಲೋ ಅನುವಾದದ ವರ್ಷ. ಅದು ಕೆನಡಾದ ಗ್ರಿಫಿನ್ ಕಾವ್ಯ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದಿತ್ತು, ಗೆಲ್ಲಲಿಲ್ಲ. ‘ಪುರಸ್ಕೃತ’ ಎಂದು ಹಾಕಬೇಡಿ. ಶೀರ್ಷಿಕೆ ಕವಿತೆಯಲ್ಲಿ ಯುದ್ಧ ಬೆಳಗ್ಗೆಯೇ ಸೈರನ್‌ಗಳನ್ನು ಎಬ್ಬಿಸಿ ದುಡಿಯುವ ಶ್ರಮಜೀವಿ. ಆ ವ್ಯಂಗ್ಯವನ್ನು ವಿವರಿಸದೆ ಪರಿಚಯ ಮುಗಿಸಿದರೆ ಕವಿಯೇ ತಪ್ಪಿಹೋಗುತ್ತಾರೆ.

ಪತ್ರಕರ್ತೆಯನ್ನು ಕಾಣಿಸಲು ‘ದ ಬೀಕೀಪರ್’ (ಇಂಗ್ಲಿಷಿನಲ್ಲಿ 2018) ಸಾಕು. ಐಸಿಸ್ ಉಗ್ರರ ಸೆರೆಯಿಂದ ಇರಾಕಿನ ಅಲ್ಪಸಂಖ್ಯಾತ ಯಜೀದಿ ಸಮುದಾಯದ ಹೆಣ್ಣುಮಕ್ಕಳನ್ನು ಬಿಡಿಸುತ್ತಿದ್ದ ಜೇನು ಸಾಕಣೆಗಾರನೊಂದಿಗಿನ ಫೋನ್ ಮಾತುಕತೆಗಳ ಮೇಲೆ ನಿಂತ ಪುಸ್ತಕ. ಇದನ್ನು ಕಾದಂಬರಿ ಎಂದು ಕರೆಯಬೇಡಿ; ಅಲ್ಲಿನ ಹೆಂಗಸರ ನೋವು ಕಲ್ಪನೆಯದಲ್ಲ.

ಒಂದು ಕವಿತೆಯ ನಾಲ್ಕು ಸಾಲು ಅನುವಾದಿಸುವುದಾದರೆ, ಇಂಗ್ಲಿಷಿನಿಂದ ಮಾಡಿದ್ದೆಂದು ಅಲ್ಲೇ ತಿಳಿಸಿ, ಅನುಮತಿಯನ್ನೂ ಪಡೆಯಿರಿ.