ಹಳೇ ಬಟ್ಟೆ, ಕಿತ್ತ ಜಿಪ್, ರೂಮಿನ ಮಂಚ: ದಾವಣಗೆರೆಯಲ್ಲಿ ನನ್ನ ಅನುಭವ

ಈ ಸಲ ಶಾಲೆ ಶುರುವಾದ ಹದಿನೈದು ದಿನದಲ್ಲಿ ನನ್ನ ಅಂಗಡಿಯಿಂದ, ಜನ ಬಿಸಾಡಿ ನಾನು ರಿಪೇರಿ ಮಾಡಿದ ಸುಮಾರು 140 ಸ್ಕೂಲ್ ಬ್ಯಾಗ್ ಬೇಕಾದ ಮಕ್ಕಳಿಗೆ ಹೋದವು. ಯಾರ ಹತ್ತಿರವೂ ಒಂದು ರೂಪಾಯಿ ತಗೊಂಡಿಲ್ಲ. ನಾನು ಹಾಕಿದ್ದು ಜಿಪ್ ರನ್ನರ್, ದಾರ, ಕರೆಂಟು, ಅಷ್ಟೇ. "ಇದೆಲ್ಲ ಆಗೋ ಮಾತಲ್ಲ ಬಿಡವ್ವಾ" ಅಂದಿದ್ದ ನಮ್ಮ ಸಂಘದ ಅಕ್ಕನೇ ಮೊನ್ನೆ ಇಬ್ಬರನ್ನು ಕರೆದುಕೊಂಡು ಬಂದಿದ್ದರು. ಅದಕ್ಕೇ ಬರೆಯುತ್ತಿದ್ದೇನೆ, ಸ್ವಲ್ಪ ಜಂಬ ಅಂದುಕೊಂಡರೂ ಪರವಾಗಿಲ್ಲ.

ನನ್ನದು ನಿಟುವಳ್ಳಿಯಲ್ಲಿ ಸಣ್ಣ ಟೈಲರಿಂಗ್ ಅಂಗಡಿ. ಮುಂದೆ ಮಿಷನ್, ಹಿಂದೆ ಒಂದು ಕತ್ತಲೆ ಕೋಣೆ. ಇದು ಶುರುವಾಗಿದ್ದು 2021ರ ಅಕ್ಟೋಬರ್ ಕೊನೆಗೆ, ಕೊರೊನಾ ಆದಮೇಲೆ ಒಂದನೇ ಕ್ಲಾಸಿನವರಿಗೂ ಶಾಲೆ ತೆರೆದಾಗ. ಒಂದೂವರೆ ವರ್ಷ ಮಕ್ಕಳು ಮನೆಯಲ್ಲೇ ಬೆಳೆದಿದ್ದರು, ಯೂನಿಫಾರ್ಮ್ ಬೆಳೆದಿರಲಿಲ್ಲ. ದಿನಕ್ಕೆ ಇಪ್ಪತ್ತು ಜನ ಬರೋರು, "ಅಕ್ಕಾ, ಕೆಳಗಿನ ಮಡಿಕೆ ಬಿಚ್ಚಿ ಉದ್ದ ಮಾಡಿಕೊಡ್ರಿ" ಅಂತ. ಬಿಚ್ಚೋಕೆ ಮಡಿಕೆಯೇ ಉಳಿದಿರದ ಪ್ಯಾಂಟುಗಳು ಎಷ್ಟೋ. ಅದೇ ಹೊತ್ತಿಗೆ ವಿದ್ಯಾನಗರದ ಕಡೆಯ ಗಿರಾಕಿಗಳ ಮನೆಯಲ್ಲಿ ಒಳ್ಳೊಳ್ಳೇ ಬಟ್ಟೆ ಬೀರುವಿನಲ್ಲಿ ಕೊಳೆಯುತ್ತಿತ್ತು. ಈ ಕಡೆಯದನ್ನು ಆ ಕಡೆ ಹಾಕಿದರೆ ಆಯ್ತಲ್ಲ ಅಂದುಕೊಂಡೆ.

ಆಗಲಿಲ್ಲ. ಮೊದಲು ವಾಟ್ಸಾಪ್‌ನಲ್ಲಿ "ಹಳೇ ಬಟ್ಟೆ ಇದ್ದರೆ ಕೊಡಿ" ಅಂತ ಹಾಕಿದೆ. ಎಂಟು ದಿನದಲ್ಲಿ ಹನ್ನೊಂದು ಗೋಣಿಚೀಲ ಬಂತು. ಖುಷಿಯಲ್ಲಿ ಬಿಚ್ಚಿ ನೋಡಿದರೆ ಜೋಡಿ ಇಲ್ಲದ ಬ್ಲೌಸು, ಕಾಲರ್ ಸವೆದ ಶರ್ಟು, ತೊಳೆಯದ ಟವೆಲ್ಲು, ಒಂದರಲ್ಲಂತೂ ಒಳ ಉಡುಪು. ಮಕ್ಕಳಿಗೆ ಆಗೋದು ಹತ್ತರಲ್ಲಿ ಒಂದಿತ್ತೋ ಇಲ್ಲವೋ. ಇಡೋಕೆ ಜಾಗ ಇಲ್ಲ ಅಂತ ಪಕ್ಕದ ಶೆಡ್ ತಿಂಗಳಿಗೆ 1,500ಕ್ಕೆ ಹಿಡಿದೆ. ಆರು ತಿಂಗಳು ಬಾಡಿಗೆ ಕಟ್ಟಿದೆ, ಮಳೆಗಾಲ ಬಂದು ತಗಡು ಸೋರಿ ಅರ್ಧ ಬೂಸ್ಟು ಹಿಡಿಯಿತು, ಉಳಿದದ್ದರಲ್ಲಿ ಇಲಿ ಮರಿ ಹಾಕಿತ್ತು. 9,000 ಬಾಡಿಗೆ ಕೊಟ್ಟು ಇಲಿ ಸಾಕಿದ್ದಾಯ್ತು ಅಂತ ನಮ್ಮೆಜಮಾನ್ರು ಈಗಲೂ ಆಡಿಕೊಳ್ಳುತ್ತಾರೆ.

ಎರಡನೇ ತಪ್ಪು ಇನ್ನೂ ದೊಡ್ಡದು. ಗುಡಿ ಮುಂದೆ ಟೇಬಲ್ ಹಾಕಿ, ಮೈಕ್ ಹಿಡಿದು ಹಂಚಿದೆವು. ನೂಕುನುಗ್ಗಲಿನಲ್ಲಿ ನಿಜವಾಗಿ ಬೇಕಾದವರು ದೂರ ನಿಂತು ನೋಡಿ ಹೋದರು. ಮಾರನೇ ವಾರ ಒಬ್ಬ ತಾಯಿ ಒಂದು ಶರ್ಟ್ ತಂದು ಮಿಷನ್ ಮೇಲೆ ಇಟ್ಟರು. ನೀಲಿ ಚೌಕುಳಿ, ಜೇಬಿನ ಮೇಲೆ ಸಣ್ಣ ಕಾರಿನ ಕಸೂತಿ. ಮಗ ಅದನ್ನು ಹಾಕಿಕೊಂಡು ಟ್ಯೂಷನ್‌ಗೆ ಹೋಗಿದ್ದಾನೆ, ಅಲ್ಲಿದ್ದ ಇನ್ನೊಬ್ಬ ಹುಡುಗ ಎಲ್ಲರ ಮುಂದೆ "ಅದು ನಂದು" ಅಂದಿದ್ದಾನೆ. "ತಪ್ಪು ತಿಳ್ಕೋಬೇಡಕ್ಕಾ, ಅವನು ಮುಟ್ಟಲ್ಲ ಅಂತಿದಾನೆ" ಅಂದು ಅದನ್ನು ಮಡಚಿಟ್ಟು ಹೋದರು. ಒಗೆದು ಇಸ್ತ್ರಿ ಬೇರೆ ಮಾಡಿಸಿದ್ದರು. ಅವತ್ತಿನಿಂದ ಒಂದು ನಿಯಮ ಮಾಡಿದೆ. ರೈಲ್ವೆ ಹಳಿಯ ಈ ಕಡೆ ಸಿಕ್ಕಿದ್ದು ಆ ಕಡೆಗೆ, ಆ ಕಡೆಯದು ಈ ಕಡೆಗೆ. ಕಸೂತಿ, ಹೆಸರು, ಗುರುತು ಏನಿದ್ದರೂ ಬಿಚ್ಚಿಯೇ ಕೊಡುವುದು.

ನಡುವೆ ಗೋಡೆಯ ಪ್ರಯೋಗವೂ ಮಾಡಿದೆ. ಬೇಕಾದವರು ತಗೊಳ್ಳಿ, ಬೇಡದವರು ಬಿಡಿ ಅನ್ನೋ ಗೋಡೆ. ಇರಾನಿನ ಮಶ್ಹದ್‌ನಲ್ಲಿ 2015ರಲ್ಲಿ ಶುರುವಾಗಿ ನಮ್ಮ ದೇಶದಲ್ಲೂ ಊರೂರಿಗೆ ಬಂದಿತ್ತಲ್ಲ, ಅದೇ. ಹನ್ನೆರಡು ಮೊಳೆ ಹೊಡೆದು ನೇತುಹಾಕಿದೆ. ಎರಡನೇ ದಿನ ಬೆಳಗ್ಗೆ ಯಾರೋ ಅಷ್ಟನ್ನೂ ಚೀಲಕ್ಕೆ ತುಂಬಿಕೊಂಡು ಹೋಗಿದ್ದರು, ಪಾತ್ರೆಯವರಿಗೆ ಹಾಕೋಕೆ. ಮೊಳೆ ಮಾತ್ರ ಉಳಿದವು. ಈಗ ಅದರ ಮೇಲೆ ಯಾರೋ ಹಸಿ ಸೊಪ್ಪಿನ ಚೀಲ ತೂಗುಹಾಕುತ್ತಾರೆ.

ಪಾತ್ರೆಯವರ ವಿಷಯ ಬಂತು, ಹೇಳಿಬಿಡುತ್ತೇನೆ. ನಮಗೆ ನಿಜವಾದ ಪೈಪೋಟಿ ಅವರದೇ. ಮೂರು ಸೀರೆಗೆ ಒಂದು ಸ್ಟೀಲ್ ಡಬ್ಬಿ ಸಿಗುವಾಗ ಸುಮ್ನೆ ಯಾರು ಕೊಡುತ್ತಾರೆ? ಸುಮಾರು ದಿನ ಅವರ ಮೇಲೆ ಸಿಟ್ಟಿತ್ತು. ಆಮೇಲೆ ಬುದ್ಧಿ ಬಂತು. ಅವರಿಗೆ ಬೇಕಾಗಿದ್ದು ಸೀರೆ, ಪ್ಯಾಂಟು. ಚಿಕ್ಕ ಮಕ್ಕಳ ಬಟ್ಟೆಗೆ ಅವರು ಅಷ್ಟು ಬೆಲೆ ಕಟ್ಟಲ್ಲ. ನನಗೆ ಬೇಕಾಗಿದ್ದು ಅದೇ. ಈಗ ನಮ್ಮ ಬೀದಿಗೆ ಬರೋ ಪಾತ್ರೆಯಮ್ಮ ಮಕ್ಕಳ ಗಂಟು ಬೇರೆ ಕಟ್ಟಿ ನನಗೆ ಕೊಡುತ್ತಾಳೆ, ನಾನು ಅವಳಿಗೆ ಬಂದ ಸೀರೆಗಳಲ್ಲಿ ಅರ್ಧ ಕೊಡುತ್ತೇನೆ. ಇಬ್ಬರಿಗೂ ಸರಿ ಹೋಯಿತು.

ದಾರಿ ಸಿಕ್ಕಿದ್ದು ಎದುರಿಗೆ ನಿಲ್ಲೋ ಗೂಡ್ಸ್ ಆಟೋದ ಅಣ್ಣನಿಂದ. ಒಂದು ದಿನ ಅವನು, "ಯಕ್ಕಾ, ನೀನು ಕೊಡ್ರಿ ಕೊಡ್ರಿ ಅಂತ ಕೇಳ್ತೀಯ, ಜನ ನನಗೆ ದುಡ್ಡು ಕೊಟ್ಟು ತಗೊಂಡು ಹೋಗು ಅಂತಾರೆ" ಅಂದ. ನಿಜ ಅಲ್ವಾ! ಮನೆ ಖಾಲಿ ಮಾಡೋ ದಿನ ಯಾರಿಗೂ ಏನೂ ಬೇಡ. ಸಂಜೆಯೊಳಗೆ ಬೀಗ ಕೊಡಬೇಕು, ಲಾರಿ ತುಂಬಿದೆ, ಟೇಬಲ್ ಹೊರಗೆ ನಿಂತಿದೆ. ಅಲ್ಲಿ ಹೋಗಿ "ಕೊಡಿ" ಅನ್ನಬಾರದು, "ಖಾಲಿ ಮಾಡಿಕೊಡ್ತೀವಿ, ಗುಡಿಸಿ ಹೋಗ್ತೀವಿ" ಅನ್ನಬೇಕು. ಇದೇ ನನ್ನ ಇಡೀ ವಿದ್ಯೆ.

ನಮ್ಮ ಊರಿನಲ್ಲಿ ಮೆಡಿಕಲ್, ಇಂಜಿನಿಯರಿಂಗ್ ಹುಡುಗರ ಬಾಡಿಗೆ ರೂಮುಗಳಿಗೆ ಲೆಕ್ಕವಿಲ್ಲ. ಪರೀಕ್ಷೆ ಮುಗಿದ ಎರಡೇ ದಿನಕ್ಕೆ ಊರಿಗೆ ಹೊರಡುತ್ತಾರೆ. ಸ್ಟಡಿ ಟೇಬಲ್, ಪ್ಲಾಸ್ಟಿಕ್ ಕುರ್ಚಿ, ಬಕೆಟ್, ಕಬ್ಬಿಣದ ಮಂಚ, ಅರ್ಧ ಬರೆದ ನೋಟ್ಸು, ಒಳ್ಳೇ ಬ್ಯಾಗು, ಎಲ್ಲ ಅಲ್ಲೇ. ಓನರ್ ಆಂಟಿಗೆ ಹೊಸ ಹುಡುಗರು ಬರೋದರೊಳಗೆ ರೂಮ್ ಖಾಲಿ ಆಗಬೇಕು. ಯಾವ ಬಿಲ್ಡಿಂಗ್ ಯಾವತ್ತು ಖಾಲಿ ಆಗುತ್ತದೆ ಅಂತ ನನಗೆ ಮೊದಲೇ ಹೇಗೆ ಗೊತ್ತಾಗುತ್ತದೆ ಅಂತ ಕೇಳಬೇಡಿ. ಅದೊಂದು ಹೇಳಲ್ಲ.

ಇನ್ನೊಂದು ಸೀಸನ್ ನಮ್ಮ ಊರದೇವತೆ ದುಗ್ಗಮ್ಮನ ಜಾತ್ರೆ. ಎರಡು ವರ್ಷಕ್ಕೊಮ್ಮೆ, ಗೊತ್ತಲ್ಲ. ನೆಂಟರು ಬರ್ತಾರೆ ಅಂತ ಜಾತ್ರೆಗೆ ತಿಂಗಳ ಮುಂಚಿನಿಂದ ಸುಣ್ಣ ಬಣ್ಣ, ಅಟ್ಟದ ಮೇಲಿನದೆಲ್ಲ ಕೆಳಗೆ. 2024ರ ಮಾರ್ಚ್ ಜಾತ್ರೆಗೆ ಮುಂಚೆ ಹಳೇ ಪೇಟೆ ಕಡೆ ಮೂರು ವಾರದಲ್ಲಿ ಸಿಕ್ಕಷ್ಟು ಸಾಮಾನು ಹಿಂದಿನ ವರ್ಷ ಪೂರ್ತಿ ಸಿಕ್ಕಿರಲಿಲ್ಲ.

ಫರ್ನಿಚರ್‌ನಲ್ಲಿ ಕೈ ಸುಟ್ಟುಕೊಂಡದ್ದೂ ಇದೆ. ಮೊದಲ ವರ್ಷ ಒಂದು ಸೋಫಾ ಸಿಕ್ಕಿತು, ಹೊಸದರಂತೆ ಇತ್ತು. ಆಟೋಗೆ 500, ಎತ್ತಿದ ಇಬ್ಬರಿಗೆ 300. ಕೊಡಬೇಕಾದ ಮನೆ ಹತ್ತು ಬೈ ಹನ್ನೆರಡು, ಬಾಗಿಲಲ್ಲೇ ಸಿಕ್ಕಿಕೊಂಡಿತು. ವಾಪಸ್ ತರೋಕೆ ಮತ್ತೆ 500. ಅದಕ್ಕಿಂತ ಕೆಟ್ಟದ್ದು ಮಂಚ. ಮರದ ಮಂಚ, ಜೊತೆಗೆ ಹಾಸಿಗೆ, ಫ್ರೀ ಅಂತ ಕಣ್ಣು ಮುಚ್ಚಿ ಹಿಂದಿನ ಕೋಣೆಗೆ ತಂದು ಹಾಕಿದೆ. ನಾಲ್ಕನೇ ದಿನ ಒಬ್ಬ ಗಿರಾಕಿಯ ರೇಷ್ಮೆ ಬ್ಲೌಸ್ ಪೀಸ್ ಮೇಲೆ ಒಂದು ತಿಗಣೆ ನಡೆದುಕೊಂಡು ಹೋಗುತ್ತಿತ್ತು, ಅವರ ಕಣ್ಣ ಮುಂದೆಯೇ. ಔಷಧ ಹೊಡೆಸಿದ್ದು, ಎರಡು ದಿನ ಬಾಗಿಲು ಹಾಕಿದ್ದು, ಬಟ್ಟೆ ಎಲ್ಲ ಒಗೆಸಿದ್ದು, ಸೇರಿ ನಾಲ್ಕು ಸಾವಿರಕ್ಕೆ ಕಮ್ಮಿ ಇಲ್ಲ. ಆ ಗಿರಾಕಿ ಮತ್ತೆ ಬರಲಿಲ್ಲ. ಈಗ ಹಾಸಿಗೆ, ಸೋಫಾ, ದಿಂಬು ಬಂಗಾರದ್ದು ಕೊಟ್ಟರೂ ಬೇಡ. ಕಬ್ಬಿಣ, ಪ್ಲಾಸ್ಟಿಕ್ ಮಾತ್ರ. ಮರದ ಟೇಬಲ್ ಆದರೆ ಒಂದು ದಿನ ಬಿಸಿಲಿಗೆ ಹಾಕಿ, ಸಂದಿಗೆ ಕುದಿಯೋ ನೀರು ಹೊಯ್ದು ಆಮೇಲೆ ಒಳಗೆ. ಇನ್ನೊಂದು, ಹೊರಡೋ ಮುಂಚೆ ತಗೊಳ್ಳೋರ ಮನೆ ಬಾಗಿಲು ದಾರದಲ್ಲಿ ಅಳೆದುಕೊಂಡು ಹೋಗಿ. ಟೇಪ್ ತಂದರೆ ಓಣಿಯವರೆಲ್ಲ ಬಂದು ನಿಲ್ಲುತ್ತಾರೆ.

ಬ್ಯಾಗ್ ವಿಷಯದಲ್ಲಿ ನನಗೆ ಟೈಲರ್ ಆಗಿದ್ದೇ ಲಾಭ. ಹತ್ತು ಬ್ಯಾಗ್ ಬಿಸಾಡಿದರೆ ಏಳು ಜಿಪ್ ಕಿತ್ತಿದ್ದಕ್ಕೆ, ಎರಡು ಹೆಗಲ ಪಟ್ಟಿ ಬಿಟ್ಟಿದ್ದಕ್ಕೆ. ಪೂರ್ತಿ ಜಿಪ್ ಬದಲಿಸೋದು ಬೇಕಾಗಿಲ್ಲ. ಹಲ್ಲು ಚೆನ್ನಾಗಿದ್ದರೆ ರನ್ನರ್ ಒಂದೇ ಹಾಕಿ, ಐದು ರೂಪಾಯಿ ಒಳಗೆ ಮುಗಿಯುತ್ತದೆ. ಹಳೇ ರನ್ನರನ್ನು ಇಕ್ಕಳದಲ್ಲಿ ಸ್ವಲ್ಪ ಒತ್ತಿದರೂ ಎಷ್ಟೋ ಸಲ ಸರಿ ಹೋಗುತ್ತದೆ, ಆದರೆ ಮಕ್ಕಳ ಕೈಯಲ್ಲಿ ಅದು ಎರಡು ತಿಂಗಳು ಬಂದರೆ ಹೆಚ್ಚು. ಪಟ್ಟಿಗೆ ಹಳೇ ಜೀನ್ಸ್ ಸೊಂಟದ ಪಟ್ಟಿ ಹೊಲಿಯಿರಿ, ಬ್ಯಾಗ್ ಹರಿದರೂ ಅದು ಹರಿಯಲ್ಲ.

ನೋಟ್‌ಬುಕ್‌ದು ಬೇರೆ ಕಥೆ. ಸರ್ಕಾರಿ ಶಾಲೆಯವರಿಗೆ ಪುಸ್ತಕ, ಯೂನಿಫಾರ್ಮ್, ಶೂ, ಸಾಕ್ಸ್ ಸರ್ಕಾರದಿಂದಲೇ ಬರುತ್ತದೆ. ನಾನು ಇದಕ್ಕೆ ಕೈ ಹಾಕಿದಾಗ ನೋಟ್‌ಬುಕ್, ಬ್ಯಾಗು ಮನೆಯವರ ತಲೆ ಮೇಲಿತ್ತು. ಇನ್ನೂರು ಪೇಜಿನದು ನಲವತ್ತು ಐವತ್ತು ರೂಪಾಯಿ, ಒಂದು ಮಗುವಿಗೆ ಎಂಟು ಹತ್ತು ಬೇಕು, ಎರಡು ಮಕ್ಕಳಿದ್ದರೆ ಎರಡು ಮೂರು ದಿನದ ಕೂಲಿ ಹೋಯ್ತು. ಏಪ್ರಿಲ್‌ನಲ್ಲಿ ಅರ್ಧ ಖಾಲಿ ನೋಟ್‌ಬುಕ್ ಎಲ್ಲ ರದ್ದಿ ಅಂಗಡಿಗೆ ಹೋಗುತ್ತವೆ. ದುಡ್ಡು ಕೊಟ್ಟು ಕೊಳ್ಳೋಕೆ ನನಗೆ ಇಷ್ಟವಿರಲಿಲ್ಲ. ಹಾಗಾಗಿ ವರ್ಷಪೂರ್ತಿ ಗಿರಾಕಿಗಳಿಂದ ಹಳೇ ಪೇಪರ್ ಇಸ್ಕೊಂಡು ಕೂಡಿಟ್ಟೆ. ಒಂದು ಕೆಜಿ ಪೇಪರ್ ಕೊಟ್ಟು ಒಂದು ಕೆಜಿ ನೋಟ್‌ಬುಕ್ ಆರಿಸಿಕೊಳ್ಳೋದು. ರದ್ದಿಯಣ್ಣ ಮೊದಲು ನಕ್ಕ, ಆಮೇಲೆ ಒಪ್ಪಿದ, ಪೇಪರ್‌ಗೆ ನೋಟ್‌ಬುಕ್‌ಗಿಂತ ರೇಟ್ ಜಾಸ್ತಿ ಅಲ್ವಾ. ಯಾವ ಅಂಗಡಿ ಅಂತ ಮಾತ್ರ ಕೇಳಬೇಡಿ. ಖಾಲಿ ಹಾಳೆ ಕಿತ್ತು, ಸೈಜ್ ಪ್ರಕಾರ ಜೋಡಿಸಿ, ಬೈಂಡಿಂಗ್‌ನವರಿಗೆ ಕೊಟ್ಟರೆ ಒಂದಕ್ಕೆ ಹನ್ನೆರಡು ಹದಿನೈದು ರೂಪಾಯಿ. ಗೆರೆ ಒಂದೊಂದು ಹಾಳೆಗೆ ಒಂದೊಂದು ಥರ, ಮಗ್ಗಿ ಬರೆಯೋಕೆ, ರಫ್‌ಗೆ ಸಾಕು. ಈ ವರ್ಷ ಸುಮಾರು 600 ಆದವು.

ಕೊಡೋದು ಹೇಗೆ ಅನ್ನೋದರಲ್ಲಿ ಅಂಗಡಿಯೇ ಮರೆ. ಬಟ್ಟೆ ಎಲ್ಲ ಒಗೆದು, ಇಸ್ತ್ರಿ ಮಾಡಿ, ಗುಂಡಿ ಹಾಕಿ ಹಿಂದಿನ ಕೋಣೆಯಲ್ಲಿ ಹ್ಯಾಂಗರ್‌ಗೆ ತೂಗುಹಾಕಿದ್ದೇನೆ. ಬರೋರು ಬ್ಲೌಸ್ ಅಳತೆ ಕೊಡೋಕೆ ಬಂದವರ ಥರ ಬರುತ್ತಾರೆ. ಅಳತೆ ಟೇಪ್ ಕೊರಳಲ್ಲೇ ಇರುತ್ತದೆ, ಮಗುವಿನ ಭುಜ, ಸೊಂಟ ನೋಡಿ ಅಲ್ಲೇ ಟಕ್ಸ್ ಹಾಕಿಕೊಡುತ್ತೇನೆ. ನನ್ನ ಅಂಗಡಿಯ ಕವರ್‌ನಲ್ಲೇ ಹೋಗುತ್ತದೆ. ರಸ್ತೆಯಲ್ಲಿ ನೋಡಿದವರಿಗೆ ಹೊಲಿಸಿಕೊಂಡು ಹೋದ ಹಾಗೆ. ಫೋಟೋ ಇಲ್ಲ, ಲಿಸ್ಟ್ ಇಲ್ಲ. ಫೋಟೋ ಬೇಕು ಅಂದ ಒಬ್ಬರ 5,000 ವಾಪಸ್ ಕೊಟ್ಟಿದ್ದೇನೆ, ಆಮೇಲೆ ಎರಡು ದಿನ ನಿದ್ದೆ ಬಂದಿರಲಿಲ್ಲ ಅದು ಬೇರೆ ಮಾತು.

ದುಡ್ಡು ಎಲ್ಲಿಂದ ಅಂತ ಎಲ್ಲರೂ ಕೇಳುತ್ತಾರೆ. ಹರಿದ ಕಾಟನ್ ಬಟ್ಟೆ, ಟೀ ಶರ್ಟು ಕತ್ತರಿಸಿ ಗ್ಯಾರೇಜ್‌ಗೆ, ಪ್ರೆಸ್‌ಗೆ ಒರೆಸೋ ಬಟ್ಟೆಯಾಗಿ ಕೆಜಿ ಲೆಕ್ಕದಲ್ಲಿ ಕೊಡುತ್ತೇನೆ. ಹಳೇ ಸೀರೆಗಳು ಕೌದಿಗೆ. ನಮ್ಮ ಓಣಿಯ ಅಜ್ಜಿ ಒಬ್ಬರಿದ್ದಾರೆ, ಕಣ್ಣು ಮಂಜು, ಆದರೆ ಹೊಲಿಗೆ ನೂಲು ಹಿಡಿದಂಗೆ ನೇರ. ಒಂದು ಕೌದಿ 800ಕ್ಕೆ ಹೋಗುತ್ತದೆ. 500 ಅಜ್ಜಿಗೆ, 300 ಆಟೋ ಖರ್ಚಿಗೆ. ಪಾಲಿಸ್ಟರ್ ಸೀರೆಯಲ್ಲೂ ಎರಡು ಮಾಡಿಸಿ ನೋಡಿದೆ, ಜಾರುತ್ತದೆ, ಬೆವರುತ್ತದೆ, ಯಾರೂ ತಗೊಳ್ಳಲಿಲ್ಲ. ಒಂದರ ಮೇಲೆ ನಮ್ಮ ನಾಯಿ ಮಲಗುತ್ತದೆ.

ದೆಹಲಿಯ ಗೂಂಜ್ ಸಂಸ್ಥೆಯವರು 1999ರಿಂದ ಈ ಕೆಲಸ ಮಾಡುತ್ತಿದ್ದಾರೆ, ಅವರು ಬಟ್ಟೆಯನ್ನು ದಾನ ಅಂತ ಕೊಡಲ್ಲ, ಊರಿನವರು ಬಾವಿ ರಸ್ತೆ ಕೆಲಸ ಮಾಡಿ ಅದಕ್ಕೆ ತಗೊಳ್ಳುತ್ತಾರೆ ಅಂತ ಒಬ್ಬರು ಮೇಷ್ಟ್ರು ಹೇಳಿದರು. ನಾನೂ ನೋಡೋಣ ಅಂತ "ಒಂದು ಗಂಟೆ ಗುಂಡಿ ಹಾಕಿಕೊಡಿ" ಅಂದೆ. ಹೆಚ್ಚಿನವರಿಗೆ ಅಷ್ಟು ಹೊತ್ತು ಎಲ್ಲಿದೆ, ಕೂಲಿ ಬಿಟ್ಟು? ನಾಲ್ಕೇ ಜನ ಬಂದರು. ಅದರಲ್ಲಿ ಒಬ್ಬಳು ಈಗ ರನ್ನರ್ ಹಾಕೋದರಲ್ಲಿ ನನಗಿಂತ ಜೋರು, ಬೇರೆ ಅಂಗಡಿಯವರೂ ಅವಳಿಗೆ ಕೆಲಸ ಕೊಡುತ್ತಿದ್ದಾರೆ.

ಒಟ್ಟು ಲೆಕ್ಕ ಬಾಯಿಗೆ ಬಂದಷ್ಟು ಹೇಳುತ್ತೇನೆ. ಮೊದಲ ವರ್ಷ ಕೈಯಿಂದ ಹದಿನೆಂಟು ಸಾವಿರ ಹೋಯಿತು. ಹೋದ ವರ್ಷ ಮೂರು ಸಾವಿರ. ಈ ವರ್ಷ ಕೌದಿ, ಒರೆಸೋ ಬಟ್ಟೆ ಸೇರಿ ಸರಿಸಮ ಆಗಿದೆ, ಒಂದಿನ್ನೂರು ರೂಪಾಯಿ ಆಚೆ ಈಚೆ. 30 ಟೇಬಲ್, 70 ಕುರ್ಚಿ, ಹದಿನಾಲ್ಕೋ ಹದಿನೈದೋ ಮಂಚ ಹೋಗಿವೆ. ಬೀಗದ ಕೈ ಇಲ್ಲದ ಎರಡು ಬೀರು ಇನ್ನೂ ಇಲ್ಲೇ ನಿಂತಿವೆ.

ಸೋತಿರೋದು ಕಂಪಾಸ್ ಬಾಕ್ಸ್‌ನಲ್ಲಿ. ಹಳೇದು ಪೂರ್ತಿ ಒಂದೂ ಸಿಗಲ್ಲ. ಡಬ್ಬಿ ಇದ್ದರೆ ಕೈವಾರ ಇಲ್ಲ, ಕೈವಾರ ಇದ್ದರೆ ತಿರುಪು ಸಡಿಲ, ಕೋನಮಾಪಕ ಅಂತೂ ಎಲ್ಲರದೂ ಮುರಿದಿರುತ್ತದೆ. ಒಂದು ಚೀಲ ಬಿಡಿ ಸಾಮಾನು ಸುರಿದು ಜೋಡಿಸಿದರೆ ಹನ್ನೊಂದು ಬಾಕ್ಸ್ ಆದವು, ಇನ್ನೂ ನಲವತ್ತು ಮಕ್ಕಳು ಕೇಳಿದ್ದಾರೆ. ಕೊನೆಗೆ ಪೇಟೆಗೆ ಹೋಗಿ ಹೋಲ್‌ಸೇಲ್‌ನಲ್ಲಿ ಹೊಸದೇ ತಂದೆ. ಇದಕ್ಕೆ ಯಾರಿಗಾದರೂ ದಾರಿ ಗೊತ್ತಿದ್ದರೆ ಹೇಳಿ, ರದ್ದಿ ಅಂಗಡಿ ಯಾವುದು ಅಂತ ನಿಮಗೊಬ್ಬರಿಗೆ ಹೇಳುತ್ತೇನೆ.